ಕಾನ್ಸಾಸ್ ಸಿಟಿಯ ಸ್ಕೈವಾಕ್: ಯಾರೂ ಡಿಸೈನ್ ಮಾಡದ ಜೋಡಣೆ

ಅಮೆರಿಕದ ಕಾನ್ಸಾಸ್ ಸಿಟಿಯ ಹಯಾಟ್ ರೀಜೆನ್ಸಿ ಹೋಟೆಲಿನಲ್ಲಿ 1981ರಲ್ಲಿ ನಡೆದ ದುರಂತವನ್ನು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹೇಳಿಕೊಡುವ ರೀತಿ ಹೆಚ್ಚುಕಡಿಮೆ ಒಂದೇ. ಲಾಬಿಯ ಮೇಲೆ ತೂಗುವ ಕಾಲುಸೇತುವೆಗೆ, ಅಂದರೆ ಸ್ಕೈವಾಕಿಗೆ, ಒಂದು ಉದ್ದನೆಯ ರಾಡ್ ಹಾಕಬೇಕಿತ್ತು, ಫ್ಯಾಬ್ರಿಕೇಟರ್ (ಉಕ್ಕಿನ ಭಾಗಗಳನ್ನು ತಯಾರಿಸಿಕೊಡುವವನು) ಅದನ್ನು ಎರಡು ತುಂಡು ಮಾಡಿದ, ಸ್ಕೈವಾಕ್ ಬಿತ್ತು, 114 ಜನ ಸತ್ತರು. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕಕ್ಕೆ ಮೋಸವಿಲ್ಲ. ಆದರೆ ಪ್ರಕರಣದ ಅರ್ಧ ಭಾಗ ಇದರಲ್ಲಿ ಬಿಟ್ಟುಹೋಗಿದೆ, ಅದೂ ಡ್ರಾಯಿಂಗ್ ಕೆಲಸ ಮಾಡುವವರಿಗೆ ಹೆಚ್ಚು ಬೇಕಾದ ಅರ್ಧ. ರಾಡನ್ನು ತುಂಡು ಮಾಡದೆ ಮೂಲ ಡ್ರಾಯಿಂಗಿನಲ್ಲಿದ್ದಂತೆಯೇ ಕಟ್ಟಿದ್ದರೂ ಆ ಜೋಡಣೆ ಊರಿನ ಕಟ್ಟಡ ನಿಯಮ ಕೇಳುವಷ್ಟು ಗಟ್ಟಿ ಆಗುತ್ತಿರಲಿಲ್ಲ. ಅಂದರೆ ತಪ್ಪು ರಾಡ್ ತುಂಡಾದ ದಿನ ಹುಟ್ಟಿದ್ದಲ್ಲ. ಅದಕ್ಕೂ ಮೊದಲೇ ಡ್ರಾಯಿಂಗಿನಲ್ಲಿ ಒಂದು ಜಾಗ ಖಾಲಿ ಇತ್ತು. ನೋಡಿದವರೆಲ್ಲ ಅದನ್ನು ಬೇರೆ ಯಾರೋ ತುಂಬಿದ್ದಾರೆ, ಇಲ್ಲವೇ ತುಂಬುತ್ತಾರೆ ಅಂದುಕೊಂಡರು.

ಈ ಪ್ರಕರಣ ಬೆಂಗಳೂರಿನವರಿಗೆ ದೂರದ್ದಲ್ಲ. ಅಮೆರಿಕದಲ್ಲಿ ಏಳುವ ಎಷ್ಟೋ ಉಕ್ಕಿನ ಕಟ್ಟಡಗಳ ಶಾಪ್ ಡ್ರಾಯಿಂಗುಗಳು (ಕಾರ್ಖಾನೆಯವರು ಉಕ್ಕು ಕತ್ತರಿಸಲು ನೋಡುವ ನಕ್ಷೆಗಳು) ಇವತ್ತು ಬೆಂಗಳೂರು, ಚೆನ್ನೈ, ಹೈದರಾಬಾದಿನ ಆಫೀಸುಗಳಲ್ಲಿ ತಯಾರಾಗುತ್ತವೆ. ನಾನು ಅಂಥ ಒಂದು ಆಫೀಸಿನಲ್ಲಿ ಚೆಕರ್. ಬೇರೆಯವರು ಬರೆದ ಡ್ರಾಯಿಂಗಿನ ಮೇಲೆ ಕೆಂಪು, ಹಸಿರು, ಹಳದಿ ಎಳೆಯುವುದೇ ಹೊಟ್ಟೆಪಾಡು. ಕಾನ್ಸಾಸ್ ಸಿಟಿಯ ಆ ಕೆಲಸದಲ್ಲೂ ಫ್ಯಾಬ್ರಿಕೇಟರಿಗೆ ಕೈತುಂಬ ಕೆಲಸವಿದ್ದು, ಡಿಟೇಲಿಂಗನ್ನು, ಅಂದರೆ ಶಾಪ್ ಡ್ರಾಯಿಂಗ್ ಬರೆಯುವ ಕೆಲಸವನ್ನು, ಹೊರಗಿನವರಿಗೆ ಕೊಟ್ಟಿದ್ದ. ಆ ಹೊರಗಿನವನ ಜಾಗದಲ್ಲೇ ನಾವಿದ್ದೇವೆ. ಹಾಗಾಗಿ ಈ ಕಥೆಯನ್ನು ಎಂಜಿನಿಯರನ ಕುರ್ಚಿಯಿಂದಲ್ಲ, ಡಿಟೇಲರನ ಕುರ್ಚಿಯಿಂದ ಓದುತ್ತೇನೆ.

ಹೋಟೆಲು ಮತ್ತು ಮೂರು ಸ್ಕೈವಾಕ್

ಮಿಸೌರಿ ರಾಜ್ಯದ ಕಾನ್ಸಾಸ್ ಸಿಟಿಯಲ್ಲಿ 1978ರಲ್ಲಿ ಕೆಲಸ ಶುರುವಾಗಿ 1980ರ ಜುಲೈನಲ್ಲಿ ತೆರೆದ 40 ಅಂತಸ್ತಿನ ಹೋಟೆಲು ಅದು. ಒಂದು ಕಡೆ ರೂಮುಗಳ ಟವರ್, ಇನ್ನೊಂದು ಕಡೆ ಸಭೆ ಸಮಾರಂಭಗಳ ಬ್ಲಾಕ್, ಎರಡರ ನಡುವೆ ಎತ್ತರದ ಚಾವಣಿಯ ತೆರೆದ ಲಾಬಿ. ಲಾಬಿಯ ಮೇಲೆ ಗಾಳಿಯಲ್ಲಿ ಹಾದುಹೋಗುವಂತೆ ಮೂರು ಸ್ಕೈವಾಕ್‌ಗಳು, ಎರಡು, ಮೂರು ಮತ್ತು ನಾಲ್ಕನೇ ಮಹಡಿಗಳಲ್ಲಿ. (ಅಮೆರಿಕದವರ ಎರಡನೇ ಮಹಡಿ ನಮ್ಮ ಮೊದಲನೇ ಮಹಡಿ. ಹೊಸಬರು ಇಲ್ಲಿ ಎಡವುತ್ತಲೇ ಇರುತ್ತಾರೆ.) ಒಂದೊಂದರ ಉದ್ದ ಸುಮಾರು 37 ಮೀಟರ್, ತೂಕ ಸುಮಾರು 29 ಟನ್. ಲಾಬಿಯ ನಡುವೆ ಕಂಬ ಬೇಡ ಅನ್ನುವುದು ವಿನ್ಯಾಸದ ಆಸೆ. ಹಾಗಾಗಿ ಇವನ್ನು ಚಾವಣಿಯಿಂದ ರಾಡುಗಳಲ್ಲಿ ತೂಗುಹಾಕಿದರು. ಮೂರನೆಯದು ಪಕ್ಕಕ್ಕೆ ಸರಿದು ಒಂಟಿಯಾಗಿ ತೂಗುತ್ತಿತ್ತು. ಎರಡನೆಯದು ಮಾತ್ರ ನಾಲ್ಕನೆಯದರ ನೇರ ಕೆಳಗೆ.

ಒಂದು ಸ್ಕೈವಾಕ್ ಅಂದರೆ ಸುಮಾರು ಒಂಬತ್ತೊಂಬತ್ತು ಮೀಟರಿನ ನಾಲ್ಕು ಅಂಕಣ. ಎರಡು ಕೊನೆಗಳು ಕಟ್ಟಡದ ಮೇಲೆ ಕೂತಿವೆ. ನಡುವಿನ ಮೂರು ಸಂಧಿಗಳಲ್ಲಿ ಒಂದೊಂದು ಅಡ್ಡ ಬೀಮು, ಬೀಮಿನ ಎರಡೂ ತುದಿಗೆ 32 ಮಿಲಿಮೀಟರ್ ದಪ್ಪದ ಒಂದೊಂದು ರಾಡ್. ಒಟ್ಟು ಆರು ರಾಡ್.

ಅಡ್ಡ ಬೀಮು ಬಾಕ್ಸ್ ಆಕಾರದ್ದು. ಎಂಟು ಇಂಚಿನ ಎರಡು ಚಾನಲ್‌ಗಳನ್ನು (ಕೊಯ್ದರೆ ಇಂಗ್ಲಿಷಿನ C ಆಕಾರ ಕಾಣುವ ಉಕ್ಕಿನ ತೊಲೆಗಳು) ಎದುರುಬದುರಾಗಿ ಇಟ್ಟು, ಫ್ಲೇಂಜುಗಳ, ಅಂದರೆ ಆ C ಚಾಚಿದ ತೋಳುಗಳ, ಅಂಚು ಅಂಚಿಗೆ ತಾಗಿಸಿ ಉದ್ದಕ್ಕೂ ವೆಲ್ಡ್ ಮಾಡಿದ್ದು. ನಮ್ಮ ಪೀಣ್ಯದಲ್ಲಿ ಗೇಟಿನ ಕಂಬಕ್ಕೂ ಶೆಡ್ಡಿನ ಕಂಬಕ್ಕೂ ಹೀಗೆಯೇ ಎರಡು ಚಾನಲ್ ಕೂಡಿಸುತ್ತಾರೆ. ರಾಡ್ ಹೋಗಲು ಮೇಲಿನ ಮತ್ತು ಕೆಳಗಿನ ಫ್ಲೇಂಜಿಗೆ ತೂತು ಕೊರೆದರು. ತೂತು ಬಿದ್ದದ್ದು ಸರಿಯಾಗಿ ಎರಡು ಫ್ಲೇಂಜು ಕೂಡುವ ವೆಲ್ಡಿನ ಮೇಲೆ. ಬೀಮಿನ ಕೆಳಗೆ ರಾಡಿಗೆ ಒಂದು ವಾಷರ್, ಒಂದು ನಟ್. ಬೀಮು, ಅದರ ಮೇಲಿನ ಕಾಂಕ್ರೀಟು, ಅದರ ಮೇಲೆ ನಿಂತ ಜನ, ಎಲ್ಲ ಹೊರೆಯೂ ಕೊನೆಗೆ ಆ ನಟ್ಟಿನ ಮೇಲೆ ಕೂರಬೇಕು. ಅಷ್ಟೂ ಹೊರೆ ನಟ್ಟಿಗೆ ದಾಟುವುದು ಚಾನಲಿನ ತೆಳ್ಳನೆಯ ಫ್ಲೇಂಜಿನ ತುದಿಯಿಂದ. ಫ್ಲೇಂಜ್ ಮೇಲಕ್ಕೆ ಬಾಗದಂತೆ ತಡೆಯಲು ಒಳಗೆ ಸ್ಟಿಫ್ನರ್ (ಆಧಾರದ ಪಟ್ಟಿ) ಇಲ್ಲ. ಹೊರೆಯನ್ನು ಅಗಲಕ್ಕೆ ಹಂಚಲು ದಪ್ಪ ಬೇರಿಂಗ್ ಪ್ಲೇಟ್ ಇಲ್ಲ.

ಡ್ರಾಯಿಂಗುಗಳ ವಂಶಾವಳಿ

ಮುಂದಿನದು ಅರ್ಥವಾಗಬೇಕಾದರೆ ಯಾವ ಡ್ರಾಯಿಂಗ್ ಯಾರದು ಅನ್ನುವುದು ಗೊತ್ತಿರಬೇಕು. ಪ್ಲಾನ್ ಅಂದರೆ ಮೇಲಿನಿಂದ ಕಂಡದ್ದು, ಎಲಿವೇಷನ್ ಎದುರಿನಿಂದ ಕಂಡದ್ದು, ಸೆಕ್ಷನ್ ಕೊಯ್ದು ನೋಡಿದರೆ ಕಾಣುವುದು. ಇವು ಡಿಪ್ಲೊಮಾ ಮೊದಲ ವರ್ಷದ ಪಾಠ. ನಮ್ಮಲ್ಲಿ ಫಸ್ಟ್ ಆಂಗಲ್, ಅಮೆರಿಕದಲ್ಲಿ ಥರ್ಡ್ ಆಂಗಲ್. ನೋಟಗಳು ಕೂರುವ ಜಾಗ ಅದಲುಬದಲಾಗುತ್ತದೆ, ಸ್ವಲ್ಪ ದಿನದಲ್ಲಿ ಕಣ್ಣಿಗೆ ರೂಢಿಯಾಗುತ್ತದೆ. ಡಿಟೇಲ್ ಅಂದರೆ ಒಂದು ಸಣ್ಣ ಜಾಗವನ್ನು ದೊಡ್ಡ ಸ್ಕೇಲಿನಲ್ಲಿ ಬಿಡಿಸಿ ತೋರಿಸುವುದು. ಇದರ ರೂಢಿ ಬಹಳ ತಡವಾಗಿ ಆಗುತ್ತದೆ. ಯಾಕೆಂದರೆ ಡಿಟೇಲಿನಲ್ಲಿ ಏನನ್ನು ಬರೆದಿದ್ದಾರೆ ಅನ್ನುವುದರ ಜೊತೆಗೆ ಏನನ್ನು ಬರೆದಿಲ್ಲ ಅನ್ನುವುದನ್ನೂ ಓದಬೇಕು.

ಇನ್ನು ಒಡೆತನ. ಡಿಸೈನ್ ಡ್ರಾಯಿಂಗ್ ಸ್ಟ್ರಕ್ಚರಲ್ ಎಂಜಿನಿಯರದು. ಯಾವ ಬೀಮು, ಯಾವ ಗಾತ್ರ, ಎಲ್ಲಿ, ಎಷ್ಟು ಹೊರೆಗೆ ಅನ್ನುವುದು ಅದರಲ್ಲಿ. ಅದನ್ನು ಓದಿ ಫ್ಯಾಬ್ರಿಕೇಟರ್ ಶಾಪ್ ಡ್ರಾಯಿಂಗ್ ಮಾಡಿಸುತ್ತಾನೆ. ಬೀಮನ್ನು ಎಷ್ಟು ಉದ್ದಕ್ಕೆ ಕತ್ತರಿಸಬೇಕು, ತೂತು ಅಂಚಿನಿಂದ ಎಷ್ಟು ದೂರ, ವೆಲ್ಡ್ ಎಷ್ಟು ಗಾತ್ರ, ಬಿಡಿಭಾಗದ ಮಾರ್ಕ್ ನಂಬರ್ ಏನು ಅನ್ನುವುದು ಅದರಲ್ಲಿ. ಕಾರ್ಖಾನೆಯವನು ಎಂಜಿನಿಯರ್ ಡ್ರಾಯಿಂಗ್ ನೋಡುವುದೇ ಇಲ್ಲ, ಶಾಪ್ ಡ್ರಾಯಿಂಗ್ ಅವನ ಪಾಲಿನ ವೇದ. ಸೈಟಿನಲ್ಲಿ ಯಾವ ತುಂಡನ್ನು ಎಲ್ಲಿ ಕೂರಿಸಬೇಕು ಅನ್ನುವುದು ಎರೆಕ್ಷನ್ ಡ್ರಾಯಿಂಗಿನಲ್ಲಿ. ಶಾಪ್ ಡ್ರಾಯಿಂಗುಗಳು ಎಂಜಿನಿಯರ ಹತ್ತಿರ ಹೋಗಿ, ಅಪ್ರೂವಲ್ ಸ್ಟ್ಯಾಂಪ್ ಬಿದ್ದು ವಾಪಸ್ ಬಂದಮೇಲೆ ಉಕ್ಕಿಗೆ ಕೈ ಹಾಕುವುದು ಕ್ರಮ.

ಡಿಸೈನ್ ಡ್ರಾಯಿಂಗ್, ಶಾಪ್ ಡ್ರಾಯಿಂಗ್ ಎರಡರ ಸಂದಿಯಲ್ಲಿ ಇರುವುದು ಕನೆಕ್ಷನ್, ಅಂದರೆ ಜೋಡಣೆ. ಬೀಮು ಕಂಬಕ್ಕೆ ಸೇರುವಂಥ ಮಾಮೂಲಿ ಜೋಡಣೆಗೆ ಅಮೆರಿಕದ ಸ್ಟೀಲ್ ಕೈಪಿಡಿಯಲ್ಲಿ ಕೋಷ್ಟಕಗಳಿವೆ. ಎಂಜಿನಿಯರ್ ಹೊರೆ ಬರೆದುಕೊಟ್ಟರೆ ಡಿಟೇಲರ್ ಕೋಷ್ಟಕ ನೋಡಿ ಬೋಲ್ಟ್ ಆರಿಸುತ್ತಾನೆ. ಆದರೆ ಬಾಕ್ಸ್ ಬೀಮಿನ ತುದಿಯನ್ನು ತೂರಿಕೊಂಡು ಹೋಗುವ ರಾಡ್ ಯಾವ ಕೋಷ್ಟಕದಲ್ಲೂ ಇಲ್ಲ. ಅದನ್ನು ಯಾರಾದರೂ ಕೂತು ಲೆಕ್ಕ ಹಾಕಲೇಬೇಕು. ಕಾನ್ಸಾಸ್ ಸಿಟಿಯ ಡಿಸೈನ್ ಡ್ರಾಯಿಂಗಿನಲ್ಲಿ ಬೀಮಿನ ಗಾತ್ರ ಇತ್ತು, ರಾಡಿನ ಗಾತ್ರ ಇತ್ತು, ರಾಡ್ ಬೀಮನ್ನು ತೂರಿ ಹೋಗುವ ಚಿತ್ರವೂ ಇತ್ತು. ಆ ಸಂಧಿ ಹೊರೆಯನ್ನು ಹೇಗೆ ತಾಳುತ್ತದೆ ಅನ್ನುವುದಕ್ಕೆ ಬೇಕಾದ ಪ್ಲೇಟ್, ಸ್ಟಿಫ್ನರ್ ಯಾವುದೂ ಇರಲಿಲ್ಲ.

ಎಂಜಿನಿಯರ್ ಕಡೆಯವರ ವಾದ, ಅದು ಚಿತ್ರ ಮಾತ್ರ, ಕನೆಕ್ಷನ್ ಡಿಸೈನ್ ಮಾಡುವುದು ಫ್ಯಾಬ್ರಿಕೇಟರ್ ಕೆಲಸ ಅನ್ನುವುದು. ಫ್ಯಾಬ್ರಿಕೇಟರ್ ಅದನ್ನೇ ಎಂಜಿನಿಯರ್ ಕೊಟ್ಟ ಡಿಟೇಲ್ ಅಂತ ಓದಿದ. ಹೊರಗಿನ ಡಿಟೇಲರಿಗೆ ಕೆಲಸ ಬರುವಷ್ಟರಲ್ಲಿ ಅದು ಆಗಲೇ ತೀರ್ಮಾನವಾದ ಸಂಗತಿಯಂತೆ ಕಂಡಿತು. ಹೀಗೆ ಆ ನಟ್ಟಿನ ಸುತ್ತಲಿನ ನಾಲ್ಕು ಇಂಚು ಉಕ್ಕಿನ ಲೆಕ್ಕ ಯಾರ ಟೇಬಲ್ಲಿನ ಮೇಲೂ ಆಗಲಿಲ್ಲ.

ಒಂದು ರಾಡ್ ಎರಡಾದದ್ದು

ಮೂಲ ಡ್ರಾಯಿಂಗಿನ ಪ್ರಕಾರ ಚಾವಣಿಯಿಂದ ಇಳಿದ ರಾಡ್ ನಾಲ್ಕನೇ ಮಹಡಿಯ ಬೀಮನ್ನು ತೂರಿಕೊಂಡು ಹಾಗೆಯೇ ಎರಡನೇ ಮಹಡಿಯ ಬೀಮಿಗೆ ಹೋಗಬೇಕು. ನಡುವೆ ಒಂದು ನಟ್, ತುದಿಯಲ್ಲಿ ಒಂದು ನಟ್. ಕಾಗದದ ಮೇಲೆ ಚೆಂದ. ಆದರೆ ಆ ನಡುವಿನ ನಟ್ಟನ್ನು ಅಲ್ಲಿಗೆ ತರುವುದು ಹೇಗೆ? ರಾಡಿನ ಕೆಳತುದಿಯಿಂದ ತಿರುಗಿಸುತ್ತಾ ಮೇಲಕ್ಕೆ ತರಬೇಕು. ಅದಕ್ಕಾಗಿ ಎರಡು ಮಹಡಿ ಉದ್ದಕ್ಕೂ ರಾಡಿಗೆ ಥ್ರೆಡ್ ಹೊಡೆಯಬೇಕು. ಆ ಥ್ರೆಡ್ಡಿನ ಮೇಲೆ ಭಾರದ ಬೀಮುಗಳನ್ನು ಕ್ರೇನಿನಲ್ಲಿ ಎತ್ತಿ ಸರಿಸುವಾಗ ಥ್ರೆಡ್ ಜಜ್ಜಿಹೋಗದೆ ಉಳಿಯುವುದು ಕಷ್ಟ. ಶಾಪಿನಲ್ಲಿ, ಸೈಟಿನಲ್ಲಿ ಕೆಲಸ ಮಾಡಿದ ಯಾರಿಗೇ ತೋರಿಸಿ, ಇದು ಆಗದ ಮಾತು ಅಂತಾರೆ. ಫ್ಯಾಬ್ರಿಕೇಟರ್ ಹ್ಯಾವೆನ್ಸ್ ಸ್ಟೀಲ್‌ನ ತಕರಾರು ನ್ಯಾಯವಾಗಿಯೇ ಇತ್ತು ಅನ್ನುವುದು ನನ್ನ ಅಭಿಪ್ರಾಯ. ಕಟ್ಟಲಾಗದ್ದನ್ನು ಬರೆದುಕೊಟ್ಟರೆ ಕಟ್ಟುವವನು ಒಂದು ದಾರಿ ಹುಡುಕಿಯೇ ಹುಡುಕುತ್ತಾನೆ.

ಹುಡುಕಿದ ದಾರಿ ಎರಡು ರಾಡ್. ಮೇಲಿನ ರಾಡ್ ಚಾವಣಿಯಿಂದ ನಾಲ್ಕನೇ ಮಹಡಿಯ ಬೀಮಿನವರೆಗೆ ಬಂದು ಅಲ್ಲೇ ನಟ್ಟಿನಲ್ಲಿ ಮುಗಿಯುತ್ತದೆ. ಅದೇ ಬೀಮಿನಲ್ಲಿ ನಾಲ್ಕು ಇಂಚು ಒಳಗೆ ಇನ್ನೊಂದು ತೂತು. ಅಲ್ಲಿಂದ ಎರಡನೇ ರಾಡ್ ಶುರುವಾಗಿ ಎರಡನೇ ಮಹಡಿಗೆ ಇಳಿಯುತ್ತದೆ. ಈಗ ಥ್ರೆಡ್ ತುದಿಗಳಲ್ಲಿ ಮಾತ್ರ ಸಾಕು. ಕತ್ತರಿಸುವುದು ಸುಲಭ, ಸಾಗಿಸುವುದು ಸುಲಭ, ಕಟ್ಟುವುದೂ ಸುಲಭ.

ಹಳೆ ಮನೆಗಳ ಅಡುಗೆಕೋಣೆಯ ನೆಲುವನ್ನು ನೆನಪಿಸಿಕೊಳ್ಳಿ. ಜಂತೆಯಿಂದ ಇಳಿಬಿಟ್ಟ ಒಂದೇ ಹಗ್ಗಕ್ಕೆ ಮೇಲೊಂದು ಕೆಳಗೊಂದು ಗಡಿಗೆ ಕಟ್ಟಿದರೆ ಪ್ರತಿ ಗಡಿಗೆಯ ಕಂಠವೂ ತನ್ನ ತೂಕವನ್ನಷ್ಟೇ ಹೊರುತ್ತದೆ. ಹಗ್ಗವನ್ನು ಕತ್ತರಿಸಿ ಕೆಳಗಿನ ಗಡಿಗೆಯನ್ನು ಮೇಲಿನ ಗಡಿಗೆಯ ಕಂಠಕ್ಕೇ ಕಟ್ಟಿದರೆ ಜಂತೆಗೆ ಏನೂ ವ್ಯತ್ಯಾಸ ತಿಳಿಯುವುದಿಲ್ಲ, ಮೇಲಿನ ಹಗ್ಗಕ್ಕೂ ಇಲ್ಲ. ಎರಡು ಗಡಿಗೆಯ ಭಾರ ಬೀಳುವುದು ಮೇಲಿನ ಕಂಠದ ಮೇಲೆ.

ಮೋಸ ಇರುವುದೇ ಇಲ್ಲಿ. ರಾಡ್ ಸಾಕೇ ಅಂತ ಪರೀಕ್ಷಿಸಿದರೆ ಸಾಕು ಅನ್ನುವ ಉತ್ತರ ಬರುತ್ತದೆ. ಚಾವಣಿ ಸಾಕೇ ಅಂದರೆ ಅದೂ ಸಾಕು. ಒಟ್ಟು ಹೊರೆ ಬದಲಾಗಿದೆಯೇ? ಇಲ್ಲ. ಬದಲಾದದ್ದು ಹೊರೆ ಸಾಗುವ ದಾರಿ. ಎರಡನೇ ಮಹಡಿಯ ಹೊರೆ ಮೊದಲು ರಾಡಿನೊಳಗೇ ನೇರ ಮೇಲಕ್ಕೆ ಹೋಗುತ್ತಿತ್ತು, ಈಗ ನಾಲ್ಕನೇ ಮಹಡಿಯ ಬೀಮಿಗೆ ಇಳಿದು, ಫ್ಲೇಂಜಿನ ಮೂಲಕ ಪಕ್ಕಕ್ಕೆ ಸರಿದು ಮೇಲಿನ ರಾಡಿನ ನಟ್ಟಿಗೆ ಬರಬೇಕು. ಆ ಬೀಮಿನ ತುದಿಯನ್ನಷ್ಟೇ ಕಾಗದದ ಮೇಲೆ ಬೇರೆ ಮಾಡಿ, ಸುತ್ತ ಬಾಣಗಳನ್ನು ಎಳೆದಿದ್ದರೆ, ಅಂದರೆ ಕಾಲೇಜಿನಲ್ಲಿ ಬರೆದು ಬರೆದು ಬೇಸತ್ತ ಫ್ರೀ ಬಾಡಿ ಡಯಾಗ್ರಾಂ ಒಂದನ್ನು ಬರೆದಿದ್ದರೆ, ಎರಡೇ ನಿಮಿಷದಲ್ಲಿ ಕಾಣುತ್ತಿತ್ತು.

ಅಂಕಿಗಳಲ್ಲಿ ನೋಡೋಣ. ಒಂದು ಸ್ಕೈವಾಕಿನ ತೂಕ 29 ಟನ್, ಕಟ್ಟಡದ ಮೇಲೆ ಕೂತ ಕೊನೆಗಳನ್ನು ಕಳೆದರೆ ರಾಡುಗಳ ಪಾಲು ಸುಮಾರು ಮುಕ್ಕಾಲು, ಅಂದರೆ 22 ಟನ್ ಹತ್ತಿರ. ಆರು ರಾಡಿಗೆ ಹಂಚಿದರೆ ಒಂದಕ್ಕೆ 3.6 ಟನ್. ಇದು ಒಬ್ಬ ಮನುಷ್ಯನೂ ನಿಲ್ಲದ ಖಾಲಿ ಸ್ಕೈವಾಕಿನದು. ಜನದಟ್ಟಣೆಗೆ ನಿಯಮ ಹೇಳುವ ಹೊರೆ ಸೇರಿಸಿದರೆ ಒಂದು ಜೋಡಣೆಗೆ ಸುಮಾರು 9 ಟನ್, ಎಂಜಿನಿಯರ್ ಭಾಷೆಯಲ್ಲಿ 90 ಕಿಲೋನ್ಯೂಟನ್. ಮೂಲ ಡ್ರಾಯಿಂಗಿನ ಪ್ರಕಾರ ನಾಲ್ಕನೇ ಮಹಡಿಯ ಒಂದು ನಟ್ಟಿಗೆ ಇಷ್ಟು. ಬದಲಾದ ಡ್ರಾಯಿಂಗಿನಲ್ಲಿ ಸುಮಾರು 18 ಟನ್. ಇದು ದಿನನಿತ್ಯ ತಾಳಬೇಕಾದ ಹೊರೆ, ಮುರಿಯುವ ಮಿತಿ ಇದಕ್ಕಿಂತ ಮೂರರಲ್ಲಿ ಎರಡು ಪಾಲಿನಷ್ಟು ಮೇಲಿರಬೇಕು. ಆ ಜೋಡಣೆ ನಿಜಕ್ಕೂ ತಾಳುತ್ತಿದ್ದದ್ದು ಹೆಚ್ಚೆಂದರೆ 9 ಟನ್ ಆಸುಪಾಸು. ಎರಡು ಖಾಲಿ ಸ್ಕೈವಾಕುಗಳೇ 7 ಟನ್ ದಾಟುತ್ತವೆ. ಹೋಟೆಲು ತೆರೆದ ದಿನದಿಂದಲೂ ಆ ಆರು ತುದಿಗಳು ಮುರಿಯುವ ಅಂಚಿನಲ್ಲೇ ತೂಗುತ್ತಿದ್ದವು.

ಸ್ಟ್ಯಾಂಪ್

ಬದಲಾವಣೆ ಗುಟ್ಟಾಗಿ ಆದದ್ದಲ್ಲ. ಅದು ಶಾಪ್ ಡ್ರಾಯಿಂಗ್ 30 ಮತ್ತು ಎರೆಕ್ಷನ್ ಡ್ರಾಯಿಂಗ್ ಇ-3ರಲ್ಲಿ ಎಲ್ಲರಿಗೂ ಕಾಣುವಂತೆ ಇತ್ತು. 1979ರ ಫೆಬ್ರವರಿ 16ರಂದು 42 ಶಾಪ್ ಡ್ರಾಯಿಂಗುಗಳ ಕಟ್ಟು ಎಂಜಿನಿಯರ್ ಕಚೇರಿಗೆ ಹೋಯಿತು. ಫೆಬ್ರವರಿ 26ರಂದು ಸ್ಟ್ಯಾಂಪ್ ಹೊತ್ತು ಹಿಂದಿರುಗಿತು. ಪರಿಶೀಲಿಸಿದ ತಂತ್ರಜ್ಞ ಒಂದು ರಾಡ್ ಎರಡಾಗಿರುವುದನ್ನು ಗಮನಿಸಿ ಪ್ರಾಜೆಕ್ಟ್ ಎಂಜಿನಿಯರ್ ಡೇನಿಯಲ್ ಡಂಕನ್ ಅವರನ್ನು ಕೇಳಿದ್ದ. ಪರವಾಗಿಲ್ಲ ಅನ್ನುವ ಉತ್ತರ ಬಂತು. ಬದಲಾವಣೆಗೆ ಮೊದಲೇ ಫೋನಿನಲ್ಲಿ ಒಪ್ಪಿಗೆ ಕೇಳಿದ್ದೆವು ಅಂತ ಫ್ಯಾಬ್ರಿಕೇಟರ್ ಕಡೆಯವರು ಹೇಳಿದರು, ಅಂಥ ಫೋನೇ ಬಂದಿಲ್ಲ ಅಂತ ಎಂಜಿನಿಯರ್ ಕಡೆಯವರು. ಕಾಗದದ ಮೇಲೆ ಏನೂ ಇರಲಿಲ್ಲವಾದ್ದರಿಂದ ಆ ಜಗಳ ಜಗಳವಾಗಿಯೇ ಉಳಿಯಿತು.

ಅಪ್ರೂವಲ್ ಸ್ಟ್ಯಾಂಪಿನ ಬಗ್ಗೆ ನಮ್ಮ ಕಸುಬಿನಲ್ಲಿ ಒಂದು ಅನುಕೂಲಕರ ಮರೆವಿದೆ. ಡಿಟೇಲರ್ ಅಂದುಕೊಳ್ಳುತ್ತಾನೆ, ತಪ್ಪಿದ್ದರೆ ಎಂಜಿನಿಯರ್ ಹಿಡಿಯುತ್ತಾರೆ. ಎಂಜಿನಿಯರ್ ಕಚೇರಿ ಅಂದುಕೊಳ್ಳುತ್ತದೆ, ಅಳತೆ ಗಿಳತೆ ಫ್ಯಾಬ್ರಿಕೇಟರ್ ಜವಾಬ್ದಾರಿ, ನಾವು ಒಟ್ಟಾರೆ ನೋಡಿದರೆ ಸಾಕು. ಎರಡೂ ಕಡೆ ಕಣ್ಣು ಇದ್ದು, ಎರಡೂ ಕಣ್ಣು ಒಂದೇ ಜಾಗವನ್ನು ತಪ್ಪಿಸುತ್ತವೆ.

ಎಚ್ಚರಿಕೆಯೂ ಬಂದಿತ್ತು. 1979ರ ಅಕ್ಟೋಬರ್ 14ರಂದು, ಕಟ್ಟಡ ಇನ್ನೂ ಕಟ್ಟುತ್ತಿರುವಾಗಲೇ, ಲಾಬಿಯ ಚಾವಣಿಯ ಸುಮಾರು 250 ಚದರ ಮೀಟರ್ ಕುಸಿದುಬಿತ್ತು. ಕಾರಣ ಒಂದು ಕನೆಕ್ಷನ್. ಲಾಬಿಯ ಉಕ್ಕಿನ ಎಲ್ಲ ಜೋಡಣೆಗಳನ್ನೂ ಮರುಪರಿಶೀಲಿಸುವ ಮಾತಾಯಿತು. ಸ್ಕೈವಾಕಿನ ಆ ಆರು ತುದಿ ಆಗಲೂ ತಪ್ಪಿಸಿಕೊಂಡಿತು. ಸೈಟಿನಲ್ಲಿ ಪೂರ್ಣಾವಧಿ ಎಂಜಿನಿಯರೊಬ್ಬರನ್ನು ಇಡಬೇಕೆಂದು ಎಂಜಿನಿಯರ್ ಸಂಸ್ಥೆ ಒಂದಕ್ಕಿಂತ ಹೆಚ್ಚು ಸಲ ಕೇಳಿತ್ತು. ಖರ್ಚಿನ ಕಾರಣಕ್ಕೆ ಅದು ಆಗಲಿಲ್ಲ. ಈ ಒಂದು ವಿಷಯದಲ್ಲಿ ನನಗೆ ಎಂಜಿನಿಯರ್ ಕಡೆಯವರ ಬಗ್ಗೆ ಸಹಾನುಭೂತಿ ಇದೆ.

1981, ಜುಲೈ 17

ಶುಕ್ರವಾರ. ಲಾಬಿಯಲ್ಲಿ ಸಂಜೆಯ ನೃತ್ಯ ಕೂಟ, ಸುಮಾರು 1,600 ಜನ. ಏಳು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ನಾಲ್ಕನೇ ಮಹಡಿಯ ಸ್ಕೈವಾಕ್ ಕಳಚಿ ಎರಡನೆಯದರ ಮೇಲೆ ಬಿತ್ತು, ಎರಡೂ ಸೇರಿ ಕೆಳಗಿನ ಜನರ ಮೇಲೆ. 114 ಜನ ಸತ್ತರು, 200ಕ್ಕೂ ಹೆಚ್ಚು ಜನರಿಗೆ ಗಾಯ. ಬಿದ್ದ ಎರಡು ಸ್ಕೈವಾಕುಗಳ ಮೇಲೆ ಆಗ ಇದ್ದವರು 60ರ ಆಸುಪಾಸು. ನಿಯಮದ ಪ್ರಕಾರ ಅವು ತಾಳಬೇಕಿದ್ದ ಹೊರೆಯ ಮುಂದೆ ಅದು ಏನೇನೂ ಅಲ್ಲ. ಜನ ಲಯಕ್ಕೆ ಕುಣಿದದ್ದರಿಂದ ಬಿತ್ತು ಅನ್ನುವ ಮಾತು ಆಗ ಹಬ್ಬಿತ್ತು, ಈಗಲೂ ಅಲ್ಲಲ್ಲಿ ಕೇಳುತ್ತೇನೆ. ಮೇಲಿನ ಲೆಕ್ಕ ನೋಡಿದವರಿಗೆ ಆ ವಿವರಣೆಯ ಅಗತ್ಯವೇ ಇಲ್ಲ.

ಅವಶೇಷ ಹೇಳಿದ ಕಥೆ ಸ್ಪಷ್ಟವಾಗಿತ್ತು. ಮೇಲಿನ ರಾಡುಗಳು ಚಾವಣಿಯಿಂದ ಇನ್ನೂ ತೂಗುತ್ತಿದ್ದವು, ತುದಿಯಲ್ಲಿ ನಟ್ಟು ವಾಷರುಗಳ ಸಮೇತ. ರಾಡ್ ಮುರಿದಿಲ್ಲ, ಥ್ರೆಡ್ ಕಿತ್ತಿಲ್ಲ. ಬಾಕ್ಸ್ ಬೀಮಿನ ತುದಿಯಲ್ಲಿ ಫ್ಲೇಂಜುಗಳು ವೆಲ್ಡಿನ ಗೆರೆಯಲ್ಲಿ ಬಾಯಿ ಬಿಟ್ಟು ಮೇಲಕ್ಕೆ ಬಾಗಿ, ನಟ್ಟು ವಾಷರುಗಳು ಅದರೊಳಗಿಂದ ಹಾಗೆಯೇ ತೂರಿ ಹೊರಬಂದಿದ್ದವು. ಬೀಳದೆ ಉಳಿದ ಮೂರನೇ ಮಹಡಿಯ ಸ್ಕೈವಾಕಿನ ಬೀಮುಗಳಲ್ಲೂ ರಾಡಿನ ಬಳಿ ಫ್ಲೇಂಜ್ ಬಾಗಿದ್ದು ಕಂಡಿತು. ಅದರ ಮೇಲೆ ಎರಡು ಪಟ್ಟು ಹೊರೆ ಇರಲಿಲ್ಲ. ತನ್ನದೇ ಹೊರೆಗೆ ಬಾಗಿತ್ತು. ರಾಡ್ ತುಂಡಾದದ್ದೊಂದೇ ಕಾರಣ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಡ.

ಕೆಲವೇ ದಿನಗಳಲ್ಲಿ ಕಾನ್ಸಾಸ್ ಸಿಟಿ ಸ್ಟಾರ್ ಪತ್ರಿಕೆ ವೇಯ್ನ್ ಲಿಷ್ಕಾ ಎಂಬ ಎಂಜಿನಿಯರನ್ನು ಗೊತ್ತುಮಾಡಿಕೊಂಡು ಡ್ರಾಯಿಂಗುಗಳನ್ನೂ ಕಟ್ಟಿದ್ದನ್ನೂ ಹೋಲಿಸಿ ಈ ವ್ಯತ್ಯಾಸವನ್ನು ಪ್ರಕಟಿಸಿತು. ಆ ಪತ್ರಿಕಾ ಬಳಗಕ್ಕೆ 1982ರ ಪುಲಿಟ್ಜರ್ ಬಂತು. ಅಮೆರಿಕ ಸರ್ಕಾರದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಅಂಥದ್ದೇ ಬಾಕ್ಸ್ ಬೀಮುಗಳನ್ನು ಪ್ರಯೋಗಾಲಯದಲ್ಲಿ ಮಾಡಿಸಿ, ಎಳೆದು ಮುರಿದು ನೋಡಿತು. ಅದು ಕೊಟ್ಟ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು: ಕಟ್ಟಿದ ಜೋಡಣೆಗೆ ನಿಯಮ ಕೇಳುವ ಬಲದ ಶೇ. 30 ಮಾತ್ರ ಇತ್ತು, ಮೂಲ ಡ್ರಾಯಿಂಗಿನಂತೆ ಕಟ್ಟಿದ್ದರೂ ಶೇ. 60. ಉಕ್ಕಿನ ಗುಣಮಟ್ಟಕ್ಕಾಗಲಿ ವೆಲ್ಡರನ ಕೈಗಾಗಲಿ ಹೇಳಿಕೊಳ್ಳುವಂಥ ಪಾತ್ರವಿಲ್ಲ ಅಂತಲೂ ಅದು ಹೇಳಿತು. ಶೇ. 60 ಇದ್ದಿದ್ದರೆ ಆ ಸಂಜೆ ಬೀಳುತ್ತಿರಲಿಲ್ಲ ಅನ್ನುವುದು ನಿಜ. ಬಹುಶಃ ವರ್ಷಗಟ್ಟಲೆ ನಿಲ್ಲುತ್ತಿತ್ತು. ಯಾರಿಗೂ ಗೊತ್ತಾಗದೆ ನಿಲ್ಲುತ್ತಿತ್ತು ಅನ್ನುವುದೇ ನನಗೆ ಹೆಚ್ಚು ದಿಗಿಲಿನ ಮಾತು.

ಹೊಣೆ ಯಾರದು

ಕ್ರಿಮಿನಲ್ ಮೊಕದ್ದಮೆ ಯಾರ ಮೇಲೂ ನಡೆಯಲಿಲ್ಲ. ಮಿಸೌರಿಯ ಲೈಸೆನ್ಸ್ ಮಂಡಳಿ ಹೂಡಿದ ವಿಚಾರಣೆಯಲ್ಲಿ 1985ರ ನವೆಂಬರಿನಲ್ಲಿ ನ್ಯಾಯಾಧೀಶ ಜೇಮ್ಸ್ ಡಾಯ್ಚ್, ಡಂಕನ್ ಮತ್ತು ಎಂಜಿನಿಯರ್ ಆಫ್ ರೆಕಾರ್ಡ್ (ಡ್ರಾಯಿಂಗಿಗೆ ತನ್ನ ಸೀಲ್ ಒತ್ತಿ ಹೊಣೆ ಹೊರುವ ಎಂಜಿನಿಯರ್) ಆಗಿದ್ದ ಜ್ಯಾಕ್ ಗಿಲಮ್ ಇಬ್ಬರದೂ ಘೋರ ನಿರ್ಲಕ್ಷ್ಯ ಎಂದರು. 1986ರಲ್ಲಿ ಇಬ್ಬರ ಲೈಸೆನ್ಸೂ ರದ್ದಾಯಿತು. 1988ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಕನೆಕ್ಷನ್ ಡಿಸೈನ್ ಫ್ಯಾಬ್ರಿಕೇಟರಿಗೆ ಬಿಡುವುದು ಆ ಸೀಮೆಯ ರೂಢಿ ಅನ್ನುವ ವಾದ ನಿಲ್ಲಲಿಲ್ಲ. ಸೀಲ್ ಒತ್ತಿದವನ ಹೊಣೆಯನ್ನು ರೂಢಿ ಹೊತ್ತುಕೊಳ್ಳುವುದಿಲ್ಲ.

ತೀರ್ಪು ಸರಿ ಅಂತಲೇ ನನಗೆ ಅನಿಸುತ್ತದೆ. ಆದರೆ ಡಿಟೇಲಿಂಗಿನವರು ಇದನ್ನು ಓದಿ ಹಾಯಾಗಿ ಕಾಲು ಚಾಚುವಂತಿಲ್ಲ. ಕಾನೂನಿನ ಹೊಣೆ ಬೇರೆ, ಕಸುಬಿನ ಹೊಣೆ ಬೇರೆ. ಅಲ್ಲಿ ಎರಡನೇ ತೂತಿನ ಅಳತೆಯನ್ನು ಯಾರೋ ಒಬ್ಬ ತನ್ನ ಪೆನ್ಸಿಲಿನಲ್ಲಿ ಬರೆದ. ಮೊದಲ ತೂತಿನಿಂದ ನಾಲ್ಕು ಇಂಚು ಅಂತ ಹಾಕುವಾಗ ಈ ತೂತು ಯಾಕೆ, ಇದರ ಮೂಲಕ ಏನು ಇಳಿಯುತ್ತದೆ ಅಂತ ಅವನಿಗೆ ತಿಳಿಯದೆ ಇರಲು ಸಾಧ್ಯವಿಲ್ಲ. ಅವನು ಲೆಕ್ಕ ಹಾಕಬೇಕಿರಲಿಲ್ಲ. ಕೇಳಬೇಕಿತ್ತು.

ಆಮೇಲೆ ನಿಯಮಾವಳಿಗಳು ಬಿಗಿಯಾದವು. ಅಮೆರಿಕದ ಉಕ್ಕು ಕಟ್ಟಡಗಳ ಸಂಸ್ಥೆ ಎಐಎಸ್‌ಸಿಯ ಈಗಿನ ನಡಾವಳಿಯಲ್ಲಿ ಕನೆಕ್ಷನ್ ಯಾರು ಡಿಸೈನ್ ಮಾಡುತ್ತಾರೆ ಅನ್ನುವುದನ್ನು ಕಾಂಟ್ರ್ಯಾಕ್ಟಿನಲ್ಲೇ ಹೇಳಬೇಕು. ಒಂದೋ ಎಂಜಿನಿಯರ್ ಪೂರ್ತಿ ಡಿಸೈನ್ ಮಾಡಿ ತೋರಿಸುತ್ತಾರೆ, ಇಲ್ಲವೇ ಅನುಭವಸ್ಥ ಡಿಟೇಲರ್ ಕೋಷ್ಟಕದಿಂದ ಆರಿಸುತ್ತಾನೆ, ಅದೂ ಅಲ್ಲದಿದ್ದರೆ ಫ್ಯಾಬ್ರಿಕೇಟರ್ ಕಡೆಯ ಲೈಸೆನ್ಸ್ ಇರುವ ಎಂಜಿನಿಯರೊಬ್ಬರಿಗೆ ಆ ಕೆಲಸ ಒಪ್ಪಿಸಬೇಕು. ಹೊಸ ಪ್ರಾಜೆಕ್ಟ್ ಬಂದಾಗ ನಾನು ಜನರಲ್ ನೋಟ್ಸ್ ಹಾಳೆಯಲ್ಲಿ ಮೊದಲು ಹುಡುಕುವ ಸಾಲು ಇದು.

ಮಾಡೆಲ್ ಏನು ಹಿಡಿಯುತ್ತದೆ

ಈಗ ನಾವು ಗೆರೆ ಎಳೆಯುವುದಿಲ್ಲ, ಟೆಕ್ಲಾ, ಎಸ್‌ಡಿಎಸ್-2 ಥರದ ಸಾಫ್ಟ್‌ವೇರಿನಲ್ಲಿ ಇಡೀ ಕಟ್ಟಡದ ಮಾಡೆಲ್ ಕಟ್ಟುತ್ತೇವೆ. ಡ್ರಾಯಿಂಗ್ ಅದರಿಂದ ತಾನಾಗಿ ಹೊರಡುತ್ತದೆ. ಹಾಗಾಗಿ ಇಂಥ ತಪ್ಪು ಇನ್ನು ಆಗುವುದಿಲ್ಲ ಅನ್ನುವ ಧೈರ್ಯ ಹೊಸಬರಲ್ಲಿ ಇರುತ್ತದೆ. ಆ ಸ್ಕೈವಾಕಿನ ತುದಿಯನ್ನು ಮಾಡೆಲ್ ಮಾಡಿ ನೋಡಿ. ಕ್ಲ್ಯಾಶ್ ಚೆಕ್ (ಒಂದಕ್ಕೊಂದು ತಾಗುವ ಭಾಗಗಳನ್ನು ಹುಡುಕುವ ಪರೀಕ್ಷೆ) ಓಡಿಸಿದರೆ ತಪ್ಪು ಸೊನ್ನೆ. ಎರಡು ರಾಡಿನ ನಡುವೆ ನಾಲ್ಕು ಇಂಚು ಇದೆ, ನಟ್ಟಿಗೆ ನಟ್ಟು ತಾಗುವುದಿಲ್ಲ, ಪಾನಾ ಹಾಕಲು ಜಾಗವೂ ಇದೆ. ತಮಾಷೆ ಅಂದರೆ ಒಂದೇ ರಾಡಿನ ಮೂಲ ಡಿಟೇಲಿಗೂ ಅದು ಅಷ್ಟೇ ಸಂತೋಷದಿಂದ ಒಪ್ಪಿಗೆ ಕೊಡುತ್ತದೆ, ಆ ನಟ್ಟನ್ನು ಅಲ್ಲಿಗೆ ಹೇಗೆ ತರುತ್ತೀರಿ ಅಂತ ಕೇಳುವುದಿಲ್ಲ. ಅಂದರೆ ಫ್ಯಾಬ್ರಿಕೇಟರ್ ಕಂಡ ತೊಂದರೆಯನ್ನೂ ಅದು ಕಾಣುವುದಿಲ್ಲ, ಎಂಜಿನಿಯರ್ ಕಾಣದೆ ಹೋದದ್ದನ್ನೂ ಕಾಣುವುದಿಲ್ಲ. ಹೊರೆಯ ಅನಾಲಿಸಿಸ್ ಮಾಡುವ ಮಾಡೆಲ್ ಎಂಜಿನಿಯರ್ ಕಚೇರಿಯಲ್ಲಿ ಬೇರೆ ಇರುತ್ತದೆ. ಅದರಲ್ಲಿ ಬೀಮು ಒಂದು ಗೆರೆ, ರಾಡ್ ಒಂದು ಗೆರೆ, ಎರಡೂ ಸೇರುವ ಜಾಗ ಒಂದು ಚುಕ್ಕೆ. ಆ ಚುಕ್ಕೆಗೆ ಫ್ಲೇಂಜ್ ಇಲ್ಲ, ವೆಲ್ಡ್ ಇಲ್ಲ, ತೂತಿಲ್ಲ.

ಇವೆರಡು ಮಾಡೆಲ್‌ಗಳ ನಡುವೆ ಮಾತಾಡುವ ದಾರಿ ಇವತ್ತಿಗೂ ಆರ್‌ಎಫ್‌ಐ ಒಂದೇ, ಅಂದರೆ ಎಂಜಿನಿಯರಿಗೆ ಬರೆದು ಕಳಿಸುವ ಪ್ರಶ್ನೆ. ನಮ್ಮಲ್ಲಿ ಇದನ್ನು ಬರೆಯಲು ಹಿಂಜರಿಯುತ್ತಾರೆ. ಗೊತ್ತಿಲ್ಲ ಅಂದುಕೊಂಡಾರು, ಕ್ಲೈಂಟಿಗೆ ಕಿರಿಕಿರಿ ಆದೀತು, ಶೆಡ್ಯೂಲ್ ತಪ್ಪೀತು. ಬರೆದರೂ "ಒಂದು ರಾಡಿನ ಬದಲು ಎರಡು ರಾಡ್ ಹಾಕಿದ್ದೇವೆ, ದಯವಿಟ್ಟು ಖಚಿತಪಡಿಸಿ" ಅಂತ ಬರೆಯುತ್ತಾರೆ. ಅವಸರದಲ್ಲಿರುವ ಎಂಜಿನಿಯರ್ ಇದಕ್ಕೆ "ಓಕೆ" ಅಂತ ಬರೆದು ಕಳಿಸುತ್ತಾರೆ. 1979ರಲ್ಲಿ ಆ ತಂತ್ರಜ್ಞನಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ಇದೇ ಉತ್ತರ. ನಾನು ಆ ಕಟ್ಟಿನ ಚೆಕರ್ ಆಗಿದ್ದರೆ ಹೋಗಬೇಕಾಗಿದ್ದ ಪ್ರಶ್ನೆ ಹೀಗಿರುತ್ತಿತ್ತು:

"ಶಾಪ್ ಡ್ರಾಯಿಂಗ್ 30. ನಾಲ್ಕನೇ ಮಹಡಿಯ ಬಾಕ್ಸ್ ಬೀಮಿನ ತುದಿಯಲ್ಲಿ ಒಂದೇ ರಾಡಿನ ಬದಲು, ನಾಲ್ಕು ಇಂಚು ಅಂತರದಲ್ಲಿ ಎರಡು ರಾಡ್ ತೋರಿಸಿದ್ದೇವೆ. ಇದರಿಂದ ಮೇಲಿನ ರಾಡಿನ ನಟ್ಟಿನ ಮೇಲೆ ಎರಡನೇ ಮತ್ತು ನಾಲ್ಕನೇ ಮಹಡಿ ಎರಡರ ಹೊರೆಯೂ ಬರುತ್ತದೆ. ಈ ಜೋಡಣೆಯ ಡಿಸೈನ್ ಹೊರೆ ನಿಮ್ಮ ಡ್ರಾಯಿಂಗಿನಲ್ಲಿ ಕಾಣುವುದಿಲ್ಲ. ಹೊರೆ ತಿಳಿಸಿ. ಬೇರಿಂಗ್ ಪ್ಲೇಟ್ ಮತ್ತು ಸ್ಟಿಫ್ನರ್ ಗಾತ್ರ ಕೊಡಿ, ಬೇಡವಾದರೆ ಬೇಡವೆಂದು ಬರೆದು ತಿಳಿಸಿ. ಉತ್ತರ ಬರುವವರೆಗೆ ಈ ಬೀಮುಗಳು ಹೋಲ್ಡ್."

ಹೋಲ್ಡ್ ಆಗುತ್ತಿದ್ದದ್ದು ನಾಲ್ಕನೇ ಮಹಡಿಯ ಮೂರು ಬೀಮು. ಕಟ್ಟಿನ ಉಳಿದ ಡ್ರಾಯಿಂಗುಗಳು ಅದೇ ವಾರ ಶಾಪಿಗೆ ಹೋಗಬಹುದಿತ್ತು.